ದೇವರು ಕಳಿಸದ ನೆರೆ

ನೂರ ಹದಿನಾಲ್ಕನೆಯ ಪೆಟ್ಟಿಗೆಯನ್ನು ತಾನೇ ತಲೆಕೆಳಗು ಮಾಡಿಟ್ಟಿದ್ದೇನೆ ಎಂಬುದು ಉಗ್ರಾಣಿಗೆ ನಿನ್ನೆ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹೊಳೆದಿತ್ತು. ಇವತ್ತು ಬೆಳಿಗ್ಗೆ ಏಳೂವರೆಯಾದರೂ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ದೇವರಿಗೂ ಹೇಳಿರಲಿಲ್ಲ. ದಿನವೂ ಸ್ನಾನವಾದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವವನು ಇವತ್ತು ಮೂರೇ ನಿಮಿಷಕ್ಕೆ ಎದ್ದುಬಿಟ್ಟಿದ್ದ, ಇನ್ನೂ ಕೂತರೆ ದೇವರೇ ಎಲ್ಲಿ ಕೇಳಿಬಿಡುತ್ತಾನೋ ಎಂದು. ಎದ್ದವನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟುವಷ್ಟರಲ್ಲಿ ಮಗಳು ತಡೆದಳು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಅವಳಿಗೆ ಜನರ ಮುಖವನ್ನು ತೀರ ಹತ್ತಿರದಿಂದ ನೋಡಿ ಅಭ್ಯಾಸ. "ಅಪ್ಪಾ, ಊಟದ ಡಬ್ಬಿ ಮೇಜಿನ ಮೇಲೇ ಇದೆ. ಚೀಲಕ್ಕೆ ಹಾಕ್ಕೊಂಡಿರೋದು ಕನ್ನಡಕದ ಡಬ್ಬಿ. ಮಧ್ಯಾಹ್ನ ಗಾಜು ತಿಂತೀಯಾ?" ಅವನು ಡಬ್ಬಿ ಬದಲಾಯಿಸಿಕೊಂಡ. "ಇಷ್ಟು ಬೇಗ ಯಾಕೆ ಹೊರಟೆ? ಕಲ್ಲು ಎದ್ದು ಓಡಿಹೋಗುತ್ತಾ?" ಅವನು ಚಪ್ಪಲಿ ಮೆಟ್ಟಿಕೊಂಡ. ಅವಳು ದನಿ ತಗ್ಗಿಸಿ, "ಅಮ್ಮನ ರೂಮಿನ ಕಿಟಕಿ ಇವತ್ತಾದ್ರೂ ತೆಗೀಲಾ?" ಎಂದಳು. "ಬೇಡ, ಇರ್ಲಿ." "ಮೂರು ತಿಂಗಳಾಯ್ತಪ್ಪ." "ಇರ್ಲಿ ಅಂದ್ನಲ್ಲ," ಎಂದು ಅವನು ಮೆಟ್ಟಿಲಿಳಿದ. ಚಪ್ಪಲಿ ಎಡ ಬಲ ಸರಿಯಾಗಿದೆಯೇ ಎಂದು ಒಮ್ಮೆ ಬಗ್ಗಿ ನೋಡಿಕೊಂಡ. ನಿನ್ನೆಯಿಂದ ಅವನಿಗೆ ತನ್ನ ಕೈಕಾಲಿನ ಮೇಲೆ ನಂಬಿಕೆ ಹೋಗಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಮುಂದಿನ ಸೀಟಿನ ಹೆಂಗಸು ಪತ್ರಿಕೆಯೊಂದನ್ನು ಓದುತ್ತಿದ್ದಳು, ಮೊದಲ ಪುಟದಿಂದ, ಎಲ್ಲರ ಹಾಗೆ. ಅವನ ಹೆಂಡತಿ ಎಂದೂ ಹಾಗೆ ಓದಿದವಳಲ್ಲ. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕೊನೆಗೆ ಹೋಗುವಳು. ಕೊನೆಯ ಅಧ್ಯಾಯ ಓದಿ, ಮುಚ್ಚಿ, ನಿಟ್ಟುಸಿರು ಬಿಟ್ಟು, ಅಡುಗೆಮನೆಗೋ ಹಿತ್ತಲಿಗೋ ಹೋಗಿಬರುವಳು. "ಇದೆಂಥ ಓದೇ?" ಎಂದರೆ, "ಕೊನೆಗೆ ಯಾರ್ಯಾರು ಉಳೀತಾರೆ ಅಂತ ಗೊತ್ತಾದ್ರೆ ಜೀವಕ್ಕೆ ನೆಮ್ಮದಿ. ಆಮೇಲೆ ಅವರ ಕಷ್ಟ ಓದೋಕೆ ಧೈರ್ಯ ಬರುತ್ತೆ" ಎನ್ನುವಳು. ತಾನು ತಿಳಿದುಕೊಂಡು ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಅವನು ಹದಿನೈದು ದಿನ ಎಡಬಿಡದೆ ಒಂದು ಕಾದಂಬರಿಯ ಹಿಂದೆ ಬಿದ್ದು, ಆ ಡಾಕ್ಟರು ಬದುಕುತ್ತಾನೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡಿದ್ದಾಗ, ಬಟ್ಟೆ ಮಡಚುತ್ತಿದ್ದವಳು ಕತ್ತೆತ್ತದೆ, "ಅವನು ಹೋಗ್ತಾನೆ ಬಿಡಿ, ಆ ನರ್ಸು ಇನ್ನೊಬ್ಬನ್ನ ಮದುವೆ ಆಗ್ತಾಳೆ" ಎಂದು ಹೇಳಿಬಿಟ್ಟಿದ್ದಳು. ಅವನು ಮೂರು ದಿನ ಮಾತು ಬಿಟ್ಟಿದ್ದ. ನಾಲ್ಕನೆಯ ದಿನ ಕೇಳಿದ್ದ, "ಆ ಇನ್ನೊಬ್ಬ ಯಾರು?" ಅಧ್ಯಾಯ ಮುಗಿದಾಗಲೆಲ್ಲ ಅವಳು ಪುಟದ ಕೆಳಗೆ ಪೆನ್ಸಿಲಿನಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ ಇಡುತ್ತಿದ್ದಳು. "ನೀವು ಕಲ್ಲಿಗೆ ಗುರುತು ಹಾಕಲ್ವಾ, ಹಂಗೆ." ಈಗ ಅವಳ ಮಂಚದ ಪಕ್ಕದ ಗೂಡಿನಲ್ಲಿ ನಾನೂರು ಪುಟದ ದಪ್ಪ ಪುಸ್ತಕವೊಂದು ಮಲಗಿತ್ತು. ಅವಳ ತಲೆಯ ಪಿನ್ನು ನಲವತ್ತನೆಯ ಪುಟದ ಆಸುಪಾಸಿನಲ್ಲಿ ಸಿಕ್ಕಿಕೊಂಡು ಹಾಗೆಯೇ ಇತ್ತು. ನಾನೂರರಲ್ಲಿ ನಲವತ್ತು. ಇನ್ನು ಎಷ್ಟು ಉಳಿದಿತ್ತು ಎಂದು ಪಿನ್ನಿನ ಎರಡೂ ಬದಿಯ ದಪ್ಪ ನೋಡಿದರೇ ಗೊತ್ತಾಗುತ್ತಿತ್ತು. ಅವನಿಂದ ಆ ಪುಸ್ತಕ ತೆರೆಯುವುದು ಆಗಿರಲಿಲ್ಲ. ಒಮ್ಮೆ ಧೂಳು ಒರೆಸಲು ಎತ್ತಿದವನು, ಅಷ್ಟೇ ಓದಿದಳಲ್ಲ, ದೇವರು ಒಂದು ತಿಂಗಳು ಕಾಯಬಾರದಿತ್ತೇ ಎನ್ನಿಸಿ, ಹಾಗೆ ಎನ್ನಿಸಿದ್ದಕ್ಕೆ ಮತ್ತೆ ದೇವರಲ್ಲಿ ಕ್ಷಮೆ ಕೇಳಿ, ಪುಸ್ತಕವನ್ನು ಇದ್ದ ಹಾಗೆ ಇಟ್ಟು ಬಾಗಿಲೆಳೆದುಕೊಂಡಿದ್ದ. ಅವನ ಸ್ಟಾಪು ಬಂದು ಹೋಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದ.

ಅವನ ಕೆಲಸದ ಜಾಗವನ್ನು ಹೊರಗಿನಿಂದ ನೋಡಿದವರು ಹಳೆಯ ಬಸ್ ಡಿಪೋ ಎಂದುಕೊಳ್ಳುತ್ತಿದ್ದರು. ಒಳಗೆ ನೆಲದಿಂದ ಸೂರಿನವರೆಗೆ ಕಬ್ಬಿಣದ ಅಟ್ಟಣಿಗೆ, ಅದರ ಮೇಲೆ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ತೋಳಿನಷ್ಟು ದಪ್ಪದ ಕಲ್ಲಿನ ಉರುಳೆಗಳು. ಕಲ್ಲಿದ್ದಲು ಎಲ್ಲಿದೆ ಎಂದು ಹುಡುಕುವವರು ನೆಲಕ್ಕೆ ಕೊಳವೆ ಇಳಿಸಿ ಕೊರೆದು ಮೇಲೆತ್ತಿದ ಉರುಳೆಗಳು ಅವು. ಅವುಗಳನ್ನು ಪೆಟ್ಟಿಗೆಯ ಸಾಲುಗಳಲ್ಲಿ ಪುಸ್ತಕದ ಪುಟದ ಹಾಗೆ ಜೋಡಿಸುವುದು ಕ್ರಮ. ಮೊದಲ ಸಾಲಿನ ಎಡತುದಿಯಲ್ಲಿ ನೆಲದ ಮೇಲಿನದು, ಕೊನೆಯ ಸಾಲಿನ ಬಲತುದಿಯಲ್ಲಿ ಎಲ್ಲಕ್ಕಿಂತ ಆಳದ್ದು. ನಡುನಡುವೆ ಆಳದ ಅಳತೆ ಬರೆದ ಮರದ ಬಿಲ್ಲೆ. ಓದು ಬಲ್ಲವರು ಪೆಟ್ಟಿಗೆಯ ಮುಂದೆ ನಿಂತು ಭೂಮಿಯನ್ನು ಸಾಲು ಸಾಲಾಗಿ ಓದುತ್ತಾರೆ. ಅವನಿಗೆ ಆ ಓದು ಬರುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವನದು ಜೋಡಿಸುವ ಕೆಲಸ. "ಏನ್ ಉಗ್ರಾಣಿಗಳೇ, ಸೂರ್ಯನ ಜೊತೆ ಪೈಪೋಟಿಯಾ?" ಎಂದ ಗೇಟಿನ ಕಾವಲುಗಾರ. "ಹೆಡ್ಡಾಫೀಸಿನವರು ಬರೋದು ಹನ್ನೊಂದಕ್ಕಲ್ವಾ?" "ಧೂಳು ಒರೆಸ್ಬೇಕು." "ಮೂವತ್ತು ವರ್ಷದಿಂದ ಒರೆಸ್ತಿದ್ದೀರಿ. ಪಾಪ, ಧೂಳಿಗೂ ಬೇಜಾರಾಗಿರ್ಬೇಕು." ಉಗ್ರಾಣಿ ನಗಬೇಕೆಂದು ತುಟಿ ಅಗಲಿಸಿದ. ಹಲ್ಲುನೋವಿನವನ ಹಾಗೆ ಕಂಡಿರಬೇಕು. ಕಾವಲುಗಾರ ಮತ್ತೇನೂ ಕೇಳದೆ ಬೀಗದ ಕೈ ಕೊಟ್ಟ.

ಶಾಲೆಯ ಮಕ್ಕಳು ಉಗ್ರಾಣ ನೋಡಲು ಬಂದಾಗ ಅವರಿಗೆ ಇದ್ದಲಿನ ಕತೆ ಹೇಳುವುದು ಅವನದೇ ಪಾಲಿಗೆ ಬರುತ್ತಿತ್ತು, ದೊಡ್ಡವರಿಗೆ ಪುರುಸೊತ್ತಿಲ್ಲದ್ದರಿಂದ. ಕೇಳಿ ಕೇಳಿ ಬಾಯಿಪಾಠವಾದ ಕತೆ. ಮಕ್ಕಳೇ, ಮೂವತ್ತು ಕೋಟಿ ವರ್ಷಗಳ ಹಿಂದೆ ಇಲ್ಲಿ ಜೌಗು ನೆಲದ ಕಾಡಿತ್ತು. ಮರಗಳು ಬಿದ್ದವು. ಬಿದ್ದ ಮರ ಎಲ್ಲ ಕಡೆಯೂ ಕೊಳೆತು ಮಣ್ಣಾಗುತ್ತದೆ. ಇಲ್ಲಿ ಆಗಲಿಲ್ಲ, ಏಕೆಂದರೆ ಇಲ್ಲಿ ಬಿದ್ದದ್ದು ನಿಂತ ನೀರಿಗೆ. ನಿಂತ ನೀರಿನ ತಳದಲ್ಲಿ ಗಾಳಿ ಇಲ್ಲ. ಕೊಳೆಯಿಸುವ ಸೂಕ್ಷ್ಮ ಜೀವಿಗಳಿಗೂ ಉಸಿರು ಬೇಕಲ್ಲ, ಅವು ಅರ್ಧಕ್ಕೇ ಕೈಬಿಟ್ಟವು. ಅರ್ಧ ಕೊಳೆತದ್ದರ ಮೇಲೆ ಇನ್ನಷ್ಟು ಎಲೆ, ಇನ್ನಷ್ಟು ತೊಗಟೆ. ಅದರ ಮೇಲೆ ಹೂಳು, ಹೂಳಿನ ಮೇಲೆ ಮರಳು. ಭಾರಕ್ಕೆ ನೀರೆಲ್ಲ ಹಿಂಡಿಹೋಯಿತು, ನೆಲದ ಬಿಸಿಗೆ ಉಳಿದದ್ದು ಕಂದಾಗಿ, ಆಮೇಲೆ ಕಪ್ಪಾಯಿತು. ಹತ್ತಾಳು ಎತ್ತರದ ಸೊಪ್ಪು ಸದೆ ಕೊನೆಗೆ ಒಂದಾಳಿನಷ್ಟು ಇದ್ದಲು. ಆ ಮರಗಳು ಕುಡಿದ ಬಿಸಿಲು ಅದರಲ್ಲಿ ಇನ್ನೂ ಹಾಗೆಯೇ ಇದೆ. ಉರಿಸಿದರೆ ಹೊರಗೆ ಬರುತ್ತದೆ. ಇಷ್ಟು ಹೇಳುವಾಗ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುವುದು ತಪ್ಪದು: "ಡೈನೋಸಾರ್‌ಗಳೂ ಇದ್ದಲಾಗಿದ್ವಾ?" "ಇಲ್ಲಪ್ಪ, ಅವು ಆಗಿನ್ನೂ ಹುಟ್ಟೇ ಇರ್ಲಿಲ್ಲ." ಮಕ್ಕಳ ಮುಖ ಬಾಡುವುದನ್ನು ನೋಡಿದಾಗೆಲ್ಲ, ಒಂದೆರಡನ್ನಾದರೂ ಇಟ್ಟಿದ್ದರೆ ದೇವರ ಗಂಟೇನು ಹೋಗುತ್ತಿತ್ತು ಎಂದು ಅವನಿಗೂ ಅನ್ನಿಸುತ್ತಿತ್ತು. ಹೆಂಡತಿಗೆ ಈ ಕತೆ ಹೇಳಿದಾಗ ಅವಳು ಎಲ್ಲ ಕೇಳಿಸಿಕೊಂಡು, "ಅಂದ್ರೆ ಗಾಳಿ ಆಡದ ಕಡೆ ಮುಚ್ಚಿಟ್ಟಿದ್ದು ಹೋಗೋದೂ ಇಲ್ಲ, ಇದ್ದ ಹಂಗೆ ಇರೋದೂ ಇಲ್ಲ, ಕಪ್ಪಾಗಿ ಕೂತಿರುತ್ತೆ, ನಿಮ್ಮಕ್ಕನ ಕೋಪದ ಥರ" ಎಂದಿದ್ದಳು.

ನೂರ ಹದಿನಾಲ್ಕನೆಯ ಪೆಟ್ಟಿಗೆಯನ್ನು ಅವನು ಮೇಜಿನ ಮೇಲೆ ಇಳಿಸಿದ. ಹೊಸ ಪೆಟ್ಟಿಗೆ. ಹಳೆಯದಕ್ಕೆ ಗೆದ್ದಲು ಹತ್ತಿ ಬಿಲ್ಲೆಗಳನ್ನೂ ತಿಂದುಹಾಕಿತ್ತು. ಯಾವ ತುದಿ ಮೇಲೆ ಎಂದು ತೋರಿಸಲು ಉರುಳೆಗಳ ಮೇಲೆ ಹಾಕಿದ್ದ ಬಾಣದ ಗುರುತು ಎಂದೋ ಅಳಿಸಿಹೋಗಿತ್ತು. ಅವುಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸಿದ್ದು ಅವನು ರಜ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ. ಆ ದಿನ ಎಲ್ಲರೂ ಅವನನ್ನು ಕಂಡು ದಾರಿ ಬದಲಿಸುತ್ತಿದ್ದರು. ಏನು ಹೇಳಬೇಕೋ ತಿಳಿಯದೆ ಕಾವಲುಗಾರ ಒಂದೇ ಬೆಳಿಗ್ಗೆ ನಾಲ್ಕು ಸಲ ಚಹಾ ತಂದುಕೊಟ್ಟಿದ್ದ. ಅವನಿಗೆ ಒಬ್ಬನೇ ಕೂತು ಮಾಡುವ ಕೆಲಸ ಸಿಕ್ಕಿದ್ದೇ ದೊಡ್ಡದಾಗಿತ್ತು. ಖಾಲಿ ಪೆಟ್ಟಿಗೆಯ ಮುಂದೆ ಕೂತಾಗ ಅವಳ ನೆನಪು ಬಂತು, ಆಸ್ಪತ್ರೆಯ ಮುಖವಲ್ಲ, ಕೊನೆಯ ಪುಟ ತೆರೆಯುವಾಗಿನ ಕಳ್ಳ ಮುಖ. ಇವತ್ತು ನಿನ್ನ ಹಾಗೆ ಮಾಡುತ್ತೇನೆ ನೋಡೇ ಎಂದು ಮನಸ್ಸಿನಲ್ಲೇ ಹೇಳಿ, ಅವನು ಕೊನೆಯ ಸಾಲಿನ ಕೊನೆಯಿಂದ ತುಂಬಲು ಶುರುಮಾಡಿದ್ದ. ಆದರೆ ಹಳೆಯ ಪೆಟ್ಟಿಗೆಯಿಂದ ಎತ್ತುವ ಕೈ ತನ್ನ ಮೂವತ್ತು ವರ್ಷದ ಅಭ್ಯಾಸದಂತೆ ಮೊದಲಿನಿಂದಲೇ ಎತ್ತುತ್ತಿತ್ತು. ಮೊದಲ ತುಂಡು ಕೊನೆಗೆ, ಅದರ ತಲೆ ಪೆಟ್ಟಿಗೆಯ ತುದಿಗೆ. ಹೀಗೆ ಐದು ಸಾಲು. ಆಮೇಲೆ ರಿಜಿಸ್ಟರ್ ನೋಡಿ ಹೊಸ ಬಿಲ್ಲೆಗಳನ್ನು ಬರೆದು, ಸರಿಯಾದ ಕ್ರಮದಲ್ಲಿ, ಅಂದವಾಗಿ, ತಪ್ಪು ಕಲ್ಲುಗಳ ನಡುವೆ ಇಟ್ಟಿದ್ದ. ಇಡುವಾಗ ನಕ್ಕಿದ್ದ. ಅವಳು ಹೋದ ಮೇಲೆ ಮೊದಲ ಸಲ ನಕ್ಕದ್ದು ಅದು. ಆ ನಗುವೇ ಈಗ ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಅಳುತ್ತ ಮಾಡಿದ್ದರೆ ತಪ್ಪಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು.

ಅದರಿಂದ ಆದದ್ದು ಇದು. ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಸುತ್ತಿಗೆ ಮೇಡಂ ಎಂದು ಕರೆಯುವ ಭೂವಿಜ್ಞಾನಿ, ಊಟಕ್ಕೆ ಹೋಗುವಾಗಲೂ ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸಿಕೊಂಡೇ ಹೋಗುವ ತೆಳ್ಳಗಿನ ಹೆಂಗಸು, ಕಳೆದ ತಿಂಗಳು ಆ ಪೆಟ್ಟಿಗೆ ತೆರೆದು ಓದಿದಳು. ಎಲ್ಲ ಕಡೆಯೂ ಇದ್ದಲಿನ ಕೆಳಗೆ ಬೇರಿರುವ ಜೇಡಿ, ಮೇಲೆ ಎಲೆಯ ಅಚ್ಚಿರುವ ಪದರ. ಬೇರು ಕೆಳಗೆ, ಎಲೆ ಮೇಲೆ. ಕಾಡು ಅಲ್ಲೇ ಬೆಳೆದು ಅಲ್ಲೇ ಬಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಇಲ್ಲಿ ಮಾತ್ರ ಎಲೆ ಕೆಳಗೆ, ಬೇರು ಮೇಲೆ, ಆ ಬೇರುಗಳೂ ಆಕಾಶ ನೋಡುತ್ತಿವೆ! ಅವಳು ಒಂದು ತಿಂಗಳು ತಲೆ ಕೆರೆದುಕೊಂಡು ಉತ್ತರ ಕಂಡುಹಿಡಿದಳು. ಈ ಕಾಡು ಇಲ್ಲಿಯದಲ್ಲ. ಎಲ್ಲಿಯದೋ ಮಹಾ ನೆರೆ ಮರಗಳನ್ನು ಬುಡಸಮೇತ ಕಿತ್ತು, ಉರುಳಿಸಿ ತಂದು, ತಲೆಕೆಳಗಾಗಿ ಇಲ್ಲಿ ಹೂತಿದೆ. ನಿನ್ನೆ ಮೂರು ಗಂಟೆಗೆ ಅವಳು ಅವನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಬಣ್ಣದ ಚಿತ್ರ ತೋರಿಸಿದ್ದಳು. "ನೋಡಿ ಇವ್ರೇ, ನಿಮ್ಮ ಪೆಟ್ಟಿಗೆಯಿಂದಲೇ! ಮೂರು ತಿಂಗಳ ಹಿಂದೆ ನೀವು ಇದನ್ನ ಗೆದ್ದಲಿಂದ ಉಳಿಸ್ದೇ ಇದ್ದಿದ್ರೆ ಈ ನೆರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಾಳೆ ಹೆಡ್ಡಾಫೀಸಿನವ್ರ ಮುಂದೆ ನಿಮ್ಮ ಹೆಸರು ಹೇಳ್ತೀನಿ." ಚಿತ್ರದಲ್ಲಿ ನೀಲಿ ಬಾಣಗಳು ನುಗ್ಗಿ ಬರುತ್ತಿದ್ದವು. ಮರಗಳು ಲಾಗ ಹೊಡೆಯುತ್ತಿದ್ದವು. ಉಗ್ರಾಣಿ ಆ ಬಾಣಗಳನ್ನು ನೋಡಿದ, ಬಿಲ್ಲೆಯ ಮೇಲಿನ ತನ್ನ ಗುಂಡನೆಯ ಅಕ್ಷರಗಳನ್ನು ನೋಡಿದ, ಗೋಡೆ ಗಡಿಯಾರ ನೋಡಿದ. ಮೂರು ಹತ್ತು. ದೇವರು ಕಳಿಸದ ನೆರೆಯೊಂದನ್ನು ತಾನು ಸ್ಟೂಲಿನ ಮೇಲೆ ಕೂತು, ಚಹಾ ಕುಡಿಯುತ್ತ, ಭೂಮಿಗೆ ತಂದಿದ್ದ. "ಚೆನ್ನಾಗಿದೆಯಮ್ಮ," ಎಂದಿದ್ದ.

ಈಗ ಗಂಟೆ ಎಂಟೂಕಾಲು. ಅವನ ಉಪಾಯ ಸರಳವಾಗಿತ್ತು: ಅವಳು ಒಂಬತ್ತೂವರೆಗೆ ಬರುವುದರೊಳಗೆ ಒಂದೊಂದೇ ಉರುಳೆ ತೆಗೆದು ಜಾಗ ಬದಲಿಸಿ ಮುಚ್ಚಿಬಿಡುವುದು. ಮುಚ್ಚಿಟ್ಟ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಅವನು ಯೋಚಿಸಿರಲಿಲ್ಲ. ಯೋಚನೆ ಆ ಕಡೆ ಹೊರಟಾಗಲೆಲ್ಲ ಅದನ್ನು ಕಿವಿ ಹಿಡಿದು ಹಿಂದಕ್ಕೆ ಎಳೆದು ತರುತ್ತಿದ್ದ. ಎರಡು ಸಾಲು ಮುಗಿದವು. ಮೂರನೆಯ ಸಾಲಿನಲ್ಲಿ ಇದ್ದಲು, ಪುಡಿಯಾಗುವ ತುಂಡುಗಳು, ಕೈ ಕಪ್ಪಾಯಿತು, ಬೆವರು ಒರೆಸಿಕೊಂಡಾಗ ಹಣೆಯೂ. ನಾಲ್ಕೈದು ತುಂಡು ಮೇಜಿನ ಮೇಲೆ ಹೊರಗಿದ್ದವು. ಯಾವುದು ತಿರುಗಿಸಿದ್ದು, ಯಾವುದು ತಿರುಗಿಸಬೇಕಾದದ್ದು ಎಂದು ಒಂದು ಕ್ಷಣ ಗೊಂದಲವಾಗಿ ಅವನು ಕೈ ತಡೆದ. ಆಗಲೇ ಹಿಂದೆ ಸುತ್ತಿಗೆ ಬಾಗಿಲ ಚೌಕಟ್ಟಿಗೆ ತಾಗಿದ ಸದ್ದಾಯಿತು. ಸಂತೋಷ ಹೆಚ್ಚಾದವರಿಗೂ ನಿದ್ದೆ ಬರುವುದಿಲ್ಲ ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಏನ್ಮಾಡ್ತಿದ್ದೀರಾ?"

"ಧೂಳು..."

"ಕಲ್ಲನ್ನ ಎತ್ತಿ ಎತ್ತಿ ಬೆನ್ನು ಒರೆಸ್ತಿದ್ದೀರಾ?" ಅವಳು ನಗುತ್ತಲೇ ಹತ್ತಿರ ಬಂದು ಪೆಟ್ಟಿಗೆ ನೋಡಿದಳು. ಮತ್ತೆ ನೋಡಿದಳು. ಕೊನೆಯ ಸಾಲಿನಿಂದ ಒಂದು ಜೇಡಿಯ ತುಂಡು ಎತ್ತಿ ಬೆಳಕಿಗೆ ಹಿಡಿದಳು. "ಇದು ನಿನ್ನೆ ಮೊದಲ ಸಾಲಲ್ಲಿತ್ತು. ಬೇರು ಮೇಲೆ ನೋಡ್ತಿತ್ತು. ಇವತ್ತು ಕೆಳಗೆ ನೋಡ್ತಿದೆ. ಏನು, ಬೆಳಗಾಗೋದ್ರೊಳಗೆ ಜ್ಞಾನೋದಯ ಆಯ್ತಾ ಇದಕ್ಕೆ?"

ಅವನಿಗೆ ಆ ಕ್ಷಣದಲ್ಲಿ ಮೂರು ಸುಳ್ಳು ಹೊಳೆದವು. ಪೆಟ್ಟಿಗೆ ಬಿತ್ತು ಎನ್ನಬಹುದು, ಬೆಕ್ಕು ಬಂದಿತ್ತು ಎನ್ನಬಹುದು. ಮೂರನೆಯದರಲ್ಲಿ ಕಾವಲುಗಾರನ ಹೆಸರಿತ್ತು. ಆ ಮೂರನೆಯದನ್ನು ಕಂಡು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ನಾಲ್ಕು ಸಲ ಚಹಾ ತಂದುಕೊಟ್ಟವನು! ಅವನು ಸ್ಟೂಲಿನ ಮೇಲೆ ಕೂತ.

"ನೆರೆ ಬಂದಿರ್ಲಿಲ್ಲಮ್ಮ," ಎಂದ. "ಅದನ್ನ ತಂದೋನು ನಾನು."

ಅವಳು ಪೂರ್ತಿ ಕೇಳಿಸಿಕೊಂಡಳು. ಗೆದ್ದಲು, ಬಿಲ್ಲೆ, ಕೊನೆಯ ಸಾಲು. ಏಕೆ ಹಾಗೆ ಇಟ್ಟೆ ಎಂಬುದೊಂದನ್ನು ಬಿಟ್ಟು ಅವನು ಎಲ್ಲ ಹೇಳಿದ. ಅವಳು ಸೊಂಟದ ಸುತ್ತಿಗೆ ತೆಗೆದು ಮೇಜಿನ ಮೇಲಿಟ್ಟು ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತಳು. ಸುತ್ತಿಗೆ ಇಲ್ಲದೆ ಅವಳು ಮಗಳ ವಯಸ್ಸಿನವಳಾಗಿ ಕಂಡಳು.

"ಆರು ವರ್ಷ ಆಯ್ತು ನಾನಿಲ್ಲಿ," ಎಂದಳು. "ಬೇರೆಯವ್ರು ಹೇಳಿದ್ದನ್ನ ಚೆಂದವಾಗಿ ಬರೆದುಕೊಟ್ಟಿದ್ದೀನಿ. ಇದೊಂದು ನಂದೇ ಅಂತ ಇತ್ತು. ಮನೇಲಿ ಅಮ್ಮನಿಗೂ ಹೇಳಿದ್ದೆ. ಅವರಿಗೆ ಏನೂ ಅರ್ಥ ಆಗ್ಲಿಲ್ಲ, ಆದ್ರೂ ಪಕ್ಕದ ಮನೆಯವ್ರಿಗೆಲ್ಲ ಹೇಳಿದ್ದಾರೆ, ನನ್ನ ಮಗಳು ಒಂದು ನೆರೆ ಕಂಡುಹಿಡಿದಿದ್ದಾಳೆ ಅಂತ." ಆಮೇಲೆ ತಲೆಯೆತ್ತಿ, "ನಿನ್ನೆ ಗೊತ್ತಾಯ್ತಲ್ಲ ನಿಮಗೆ. ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಖುಷಿಯಾಗಿದ್ರಿ..."

"ಹೌದಾ. ಹನ್ನೊಂದು ಗಂಟೆಗೆ ನಾನು ಚಿತ್ರ ತೋರಿಸಿ, ಬನ್ನಿ ಸಾರ್ ಸಾಕ್ಷಿ ತೋರಿಸ್ತೀನಿ ಅಂತ ಪೆಟ್ಟಿಗೆ ತೆಗೆದು, ಅದರಲ್ಲಿ ಬೇರು ಕೆಳಗಿದ್ದಿದ್ರೆ? ಆಗ ನನ್ನ ಖುಷಿ ಏನಾಗ್ತಿತ್ತು?"

ಅವನು ಕಿವಿ ಹಿಡಿದು ಹಿಂದಕ್ಕೆಳೆಯುತ್ತಿದ್ದ ಯೋಚನೆ ಇದೇ. ಈಗ ಅದು ಕಿವಿ ಬಿಡಿಸಿಕೊಂಡು ಮುಂದೆ ಬಂದು ನಿಂತಿತ್ತು. ತನ್ನ ತಪ್ಪು ಮುಚ್ಚಲು ಒಂದು ಮನೆಯ ಮಗಳನ್ನು ಹತ್ತು ಜನರ ಮುಂದೆ ಹುಚ್ಚಿಯನ್ನಾಗಿ ಮಾಡಲು ಅವನು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟಿದ್ದ. ಅದಕ್ಕೇ ದೇವರ ಮುಂದಿನಿಂದ ಮೂರೇ ನಿಮಿಷಕ್ಕೆ ಎದ್ದದ್ದು. "ತಪ್ಪಾಯ್ತಮ್ಮ" ಎಂದ. ಅವಳು ಅವನ ಹಣೆಯ ಕಪ್ಪನ್ನು ನೋಡಿದಳು, ಪೆಟ್ಟಿಗೆ ನೋಡಿದಳು, ಏನೋ ಹೊಳೆದವಳಂತೆ ಹುಬ್ಬೇರಿಸಿದಳು.

"ಅಲ್ಲ ಇವ್ರೇ, ಎಲ್ಲಾ ಪೂರ್ತಿ ತಲೆಕೆಳಗಿತ್ತು ಅಂದ್ರೆ, ಪೆಟ್ಟಿಗೆನೇ ಅರ್ಧ ಸುತ್ತು ತಿರುಗಿಸಿ ಬಿಲ್ಲೆ ಬದಲಾಯಿಸಿದ್ರೆ ಆಗಿರೋದಲ್ವಾ? ಎರಡು ನಿಮಿಷದ ಕೆಲಸ."

ಉಗ್ರಾಣಿ ಪೆಟ್ಟಿಗೆಯನ್ನು ಕಣ್ಣಲ್ಲೇ ಒಮ್ಮೆ ತಿರುಗಿಸಿ ನೋಡಿದ. ಇಡೀ ಹೊತ್ತು ಅವನಿಗೆ ಅದು ಹೊಳೆದಿರಲಿಲ್ಲ. "ಈಗ ನೋಡಿ, ಅರ್ಧ ಆ ಕಡೆ, ಅರ್ಧ ಈ ಕಡೆ," ಎಂದಳು ಅವಳು. "ಮೊದಲು ನೆರೆ ತಂದ್ರಿ, ಈಗ ಭೂಕಂಪನೂ ಮಾಡಿಟ್ಟಿದ್ದೀರಿ." ಮಾತು ಮುಗಿಯುವ ಮುಂಚೆ ಅವಳಿಗೇ ನಗು ಬಂದುಬಿಟ್ಟಿತು, ಬೇಡ ಬೇಡವೆಂದರೂ ಬರುವ ಅಳುಮುಖದ ನಗು. "ನಿಮ್ಮಂಥೋರಿಗೆ ಇದು ಆಗಿದ್ದಾದ್ರೂ ಹೇಗೆ? ಮೂವತ್ತು ವರ್ಷದಲ್ಲಿ ಒಂದು ತುಂಡು ಅತ್ತಿತ್ತ ಆಗಿಲ್ಲ." ಆಗ ಅವನು ಉಳಿಸಿಕೊಂಡಿದ್ದನ್ನೂ ಹೇಳಿದ. ಹೆಂಡತಿ ಕೊನೆಯಿಂದ ಓದುತ್ತಿದ್ದದ್ದು, ಡಾಕ್ಟರನ್ನು ಸಾಯಿಸಿದ್ದು, ಖಾಲಿ ಪೆಟ್ಟಿಗೆಯ ಮುಂದೆ ತಾನು ಅವಳಿಗೆ ತಮಾಷೆ ಮಾಡಿದ್ದು. ಹೇಳುವಾಗ ನೆಲ ನೋಡುತ್ತಿದ್ದ. ಮುಗಿದಾಗ ಅವಳು ನಗುತ್ತಿರಲಿಲ್ಲ. ಎದ್ದು ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಏಳಿ, ಎರಡು ಗಂಟೆ ಇದೆ" ಎಂದಳು.

ಯಾವ ತುಂಡು ಯಾವ ಕಡೆ ಎಂದು ಕಲ್ಲನ್ನೇ ಕೇಳಬೇಕಾಯಿತು. "ಬಿಲ್ಲೆ ನೋಡ್ಬೇಡಿ, ಒಳಗೆ ನೋಡಿ," ಎಂದು ಅವಳು ಮಸೂರ ಅವನ ಕೈಗೆ ಕೊಟ್ಟಳು. ಮೂವತ್ತು ವರ್ಷ ಹೊತ್ತ ಕಲ್ಲಿನ ಒಳಗೆ ಅವನು ಮೊದಲ ಸಲ ನೋಡಿದ್ದು. ಬೂದು ಜೇಡಿಯಲ್ಲಿ ಕಪ್ಪು ದಾರದಂಥ ಗೆರೆ. "ಬೇರು. ಒಂದು ತುದಿ ದಪ್ಪ, ಇನ್ನೊಂದು ಕವಲೊಡೆದು ಸಣ್ಣ ಆಗ್ತಾ ಹೋಗುತ್ತೆ ನೋಡಿ. ಸಣ್ಣ ಆಗ್ತಾ ಹೋಗೋ ಕಡೆ ಕೆಳಗೆ. ಅಷ್ಟೇ. ಅದು ಸುಳ್ಳು ಹೇಳಲ್ಲ." ಗೆರೆ ಇಳಿಯುತ್ತ ಇಳಿಯುತ್ತ ಕೂದಲಿನಷ್ಟಾಗಿ, ಇನ್ನು ಕಾಣದು ಎನ್ನುವಲ್ಲಿಯೂ ಇನ್ನಿಷ್ಟು ಇಳಿದಿತ್ತು. ಮೂವತ್ತು ಕೋಟಿ ವರ್ಷದ ಹಿಂದೆ ಅದು ನೀರು ಹುಡುಕುತ್ತ ಹೋದ ದಾರಿ. ಹುಡುಕಿದ ಗಿಡ ಇಲ್ಲ, ನೀರಿಲ್ಲ, ಹುಡುಕಿದ್ದು ಮಾತ್ರ ಇದೆ. ಅವನು ಬೆಳಿಗ್ಗೆ ಬಾಕಿ ಉಳಿಸಿದ್ದ ಏಳು ನಿಮಿಷವನ್ನು ಆ ಮಸೂರದ ಮೇಲೆ ಬಗ್ಗಿಯೇ ತೀರಿಸಿದ. "ಇವ್ರೇ, ನಿದ್ದೆ ಬಂತಾ?" ಎಂದಳು ಅವಳು.

ಹನ್ನೊಂದಕ್ಕೆ ಬಂದವರು ಮೂರು ಜನ, ಅವರ ಜೊತೆ ಆಫೀಸಿನ ದೊಡ್ಡವರು. ಸುತ್ತಿಗೆ ಮೇಡಂ ಬಣ್ಣದ ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದಳು. "ನಾನು ಕಳಿಸಿದ ಟಿಪ್ಪಣಿ ವಾಪಸ್ ತಗೋತಿದ್ದೀನಿ ಸಾರ್. ಪೆಟ್ಟಿಗೆ ತಲೆಕೆಳಗಿತ್ತು. ನಾನು ಬಿಲ್ಲೆ ಓದಿದೆ, ಕಲ್ಲನ್ನ ಸರಿಯಾಗಿ ಓದ್ಲಿಲ್ಲ." ಅವಳ ದನಿ ನಡುಗಲಿಲ್ಲ, ಕಿವಿ ಮಾತ್ರ ಕೆಂಪಾಗಿದ್ದವು. ದೊಡ್ಡವರು ಅವಳನ್ನು ಗದರಿಸಲು ಉಸಿರೆಳೆದುಕೊಳ್ಳುತ್ತಿದ್ದಂತೆ ಉಗ್ರಾಣಿ ಅಟ್ಟಣಿಗೆಯ ಸಂದಿಯಿಂದ ಈಚೆ ಬಂದ. ಹಣೆಯ ಕಪ್ಪು ತೊಳೆಯಲು ಮರೆತಿದ್ದ. "ಇಟ್ಟೋನು ನಾನು ಸಾರ್. ತಪ್ಪು ಅವರದಲ್ಲ." ದೊಡ್ಡವರು ಎಳೆದುಕೊಂಡ ಉಸಿರನ್ನು ಹಾಗೆಯೇ ಅವನ ಕಡೆ ತಿರುಗಿಸಿದರು. "ಅಂದ್ರೆ ಮೂವತ್ತು ಕೋಟಿ ವರ್ಷ ನೆಟ್ಟಗೆ ನಿಂತಿದ್ದ ಕಾಡನ್ನ ನೀವು ಒಂದು ಮಧ್ಯಾಹ್ನದಲ್ಲಿ ಶೀರ್ಷಾಸನ ಹಾಕಿಸಿದ್ರಿ ಅನ್ನಿ!" ಬಂದವರೆಲ್ಲ ನಕ್ಕರು, ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಕಾವಲುಗಾರನೂ ನಕ್ಕು, ಉಗ್ರಾಣಿಯ ಕಣ್ಣು ಸಿಕ್ಕಿದ ಕೂಡಲೇ ತಟ್ಟೆ ನೋಡಿದ. ಒಂದು ವರ್ಷದಿಂದ ಬದಲಿಸಿದ ನಲವತ್ತು ಪೆಟ್ಟಿಗೆಗಳನ್ನೂ ಇಬ್ಬರೂ ಕೂತು ಮತ್ತೆ ಪರೀಕ್ಷಿಸಬೇಕು ಎಂದು ಅಪ್ಪಣೆಯಾಯಿತು. ಉಗ್ರಾಣಿಯ ಮುಖ ಸುಡುತ್ತಿತ್ತು. ಆದರೆ ನಗು ನಿಂತ ಮೇಲೂ ತಾನು ಕಾಲ ಮೇಲೆ ನಿಂತೇ ಇದ್ದೇನೆ ಎಂಬುದನ್ನು ಅವನು ಆಶ್ಚರ್ಯದಿಂದ ಗಮನಿಸಿದ.

ಊಟದ ಹೊತ್ತಿಗೆ ಅವಳು ತನ್ನ ಡಬ್ಬಿ ಹಿಡಿದು ಅವನ ಮೇಜಿಗೇ ಬಂದಳು. "ನಮ್ಮಮ್ಮನಿಗೆ ಏನು ಹೇಳೋದು ಅಂತ ಯೋಚಿಸ್ತಿದ್ದೀನಿ. ನೆರೆ ಇಳೀತು ಅಂದ್ಬಿಡ್ತೀನಿ." ಸ್ವಲ್ಪ ಹೊತ್ತು ತಿಂದು, "ಒಂದು ಮಾತು. ನಿಮ್ಮವ್ರು ಕೊನೆಯಿಂದ ಓದ್ತಿದ್ರು ಅಂದ್ರಲ್ಲ, ಬರೀ ಕೊನೇ ಅಧ್ಯಾಯ ಓದಿ ಆಮೇಲೆ ಮೊದಲಿಂದ ಬರ್ತಿದ್ರಾ, ಇಲ್ಲ ಪೂರ್ತಿ ಪುಸ್ತಕಾನೇ ಹಿಂದಿಂದ ಮುಂದಕ್ಕಾ?" ಎಂದಳು. ಅವನು ತುತ್ತು ಹಿಡಿದ ಕೈಯನ್ನು ಡಬ್ಬಿಯಲ್ಲೇ ಬಿಟ್ಟ. ಮೂವತ್ತೆಂಟು ವರ್ಷ ಒಂದೇ ದೀಪದ ಕೆಳಗೆ ಕೂತು ಓದಿದ್ದರು. ಅವಳ ಓದನ್ನು ನೂರು ಸಲ ಹಂಗಿಸಿದ್ದ. ಕೊನೆಯ ಅಧ್ಯಾಯ ಮುಗಿಸಿ, ಅಡುಗೆಮನೆಗೆ ಹೋಗಿಬಂದ ಮೇಲೆ ಅವಳು ಪುಸ್ತಕವನ್ನು ಎಲ್ಲಿ ತೆರೆಯುತ್ತಿದ್ದಳು? ಅದನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

"ಗೊತ್ತಿಲ್ಲ," ಎಂದ.

ಸಂಜೆ ಐದೂವರೆಗೆ ಮನೆ ಸೇರಿದ. ಮಗಳು ಅಂಗಡಿಯಿಂದ ಬರುವುದು ಏಳಕ್ಕೆ. ಕೈಕಾಲು ತೊಳೆದು ಹೆಂಡತಿಯ ಕೋಣೆಯ ಬಾಗಿಲು ನೂಕಿದಾಗ ಮುಗ್ಗಿದ ವಾಸನೆ ಎದುರು ಬಂತು. ಬಟ್ಟೆ, ಔಷಧ, ಹಳೆಯ ಕಾಗದ, ಮೂರು ತಿಂಗಳ ನಿಂತ ಗಾಳಿ. ಗೂಡಿನಿಂದ ಪುಸ್ತಕ ಎತ್ತಿಕೊಂಡ. ಬೆಳಕು ಸಾಲದು. ದೀಪ ಹಾಕಬಹುದಿತ್ತು, ಚುಕ್ಕೆ ತೀರ ಸಣ್ಣದು, ಹಗಲೇ ಬೇಕು. ಹೋಗಿ ಕಿಟಕಿಯ ಚಿಲಕ ಎಳೆದ. ಬಿಗಿದುಕೊಂಡಿತ್ತು, ಅಂಗೈಯಿಂದ ಎರಡು ಸಲ ಗುದ್ದಿದ ಮೇಲೆ ತೆರೆಯಿತು. ಗಾಳಿ ಬಂತು, ಬೀದಿಯ ಸದ್ದು ಬಂತು, ಯಾರದೋ ಸೈಕಲ್ ಗಂಟೆ ಬಂತು. ಪಿನ್ನಿದ್ದ ಪುಟವನ್ನು ಅವನು ಮುಟ್ಟಲಿಲ್ಲ. ಬಿಲ್ಲೆ ನೋಡಬೇಡಿ, ಒಳಗೆ ನೋಡಿ. ನೇರ ಕೊನೆಯ ಪುಟಕ್ಕೆ ಹೋಗಿ, ಪುಸ್ತಕವನ್ನು ಬೆಳಕಿಗೆ ತೋಳುದ್ದ ಹಿಡಿದ. ಕೆಳಗೆ, ಮೂಲೆಯಲ್ಲಿ, ಸಾಸಿವೆಯಷ್ಟು ಚುಕ್ಕೆ. ಅದಿರುವುದು ಗೊತ್ತಿದ್ದದ್ದೇ, ಕೊನೆಯ ಅಧ್ಯಾಯ ಅವಳು ಬಿಡುವವಳಲ್ಲ. ಅದರ ಹಿಂದಿನ ಅಧ್ಯಾಯಕ್ಕೆ ತಿರುಗಿಸಿದ. ಚುಕ್ಕೆ. ಅದರ ಹಿಂದಿನದು. ಚುಕ್ಕೆ. ಮುನ್ನೂರರ ಆಸುಪಾಸಿನಲ್ಲಿ ಚುಕ್ಕೆಯ ಪಕ್ಕ ಎಣ್ಣೆಯ ಹೆಬ್ಬೆರಳ ಗುರುತು. ಇನ್ನೂರರ ಕೆಳಗೆ ಪೆನ್ಸಿಲ್ಲು ಮೊಂಡಾಗಿ ಚುಕ್ಕೆ ದಪ್ಪವಾಗಿತ್ತು. ನೂರರಲ್ಲಿ ಕೈ ನಡುಗಿದ್ದಿರಬೇಕು, ಚುಕ್ಕೆ ಬಾಲ ಎಳೆದುಕೊಂಡಿತ್ತು. ಆಸ್ಪತ್ರೆಯಿಂದ ಮೊದಲ ಸಲ ಮನೆಗೆ ಬಂದ ವಾರದ್ದಿರಬೇಕು. ಐವತ್ತೆಂಟರಲ್ಲಿ ಚುಕ್ಕೆ, ಕಂಡೂ ಕಾಣದಷ್ಟು. ಆಮೇಲೆ ಪಿನ್ನು. ಪಿನ್ನಿನಿಂದ ಈಚೆಗೆ, ಮೊದಲ ಪುಟದವರೆಗೆ, ಎರಡು ಅಧ್ಯಾಯ ಬೆಳ್ಳಗೆ ಶುಭ್ರವಾಗಿದ್ದವು.

ಅವನು ಮಂಚದ ಅಂಚಿನಲ್ಲಿ ಕೂತ. ಮೂರು ತಿಂಗಳು ದೇವರ ಮೇಲೆ ಹೊರಿಸಿದ್ದ ಮುನ್ನೂರ ಅರವತ್ತು ಪುಟಗಳ ಆಪಾದನೆ ಈಗ ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲಿ ಉಳಿದಿತ್ತು.

"ಎಲ್ಲಾ ಓದಿ ಮುಗಿಸಿ, ಶುರು ಒಂದನ್ನ ನನಗೆ ಬಿಟ್ಟು ಹೋಗಿದ್ದೀಯಲ್ಲೇ, ಕಿಲಾಡಿ," ಎಂದ. ದನಿ ಒಡೆಯಿತು, ಒಡೆದದ್ದು ಅಳುವಿಗೋ ನಗುವಿಗೋ ಎಂದು ಅವನು ವಿಚಾರಿಸಲು ಹೋಗಲಿಲ್ಲ. ಚೀಲದಿಂದ ಕನ್ನಡಕ ತೆಗೆಯಲು ಹೋಗಿ, ಬೆಳಿಗ್ಗೆ ಅದನ್ನು ಮೇಜಿನ ಮೇಲೆ ಬಿಟ್ಟಿದ್ದು ನೆನಪಾಗಿ, ಗೂಡಿನಲ್ಲಿದ್ದ ಅವಳ ಕನ್ನಡಕವನ್ನೇ ಹಾಕಿಕೊಂಡ. ಅಕ್ಷರ ಕೊಂಚ ದೊಡ್ಡದಾಗಿ ಕಂಡಿತು. ಅವಳ ಮೊಂಡು ಪೆನ್ಸಿಲನ್ನು ಹುಡುಕಿ ಕಿವಿಗೆ ಸಿಕ್ಕಿಸಿ, ಕಿಟಕಿಯ ಕಡೆ ತಿರುಗಿ ಕೂತು, ಮೊದಲ ಪುಟ ತೆರೆದ. ಗಟ್ಟಿಯಾಗಿ ಓದಲು ಗಂಟಲು ಸರಿಮಾಡಿಕೊಂಡವನು ಏನೋ ನೆನಪಾಗಿ ತಡೆದು, ಪಕ್ಕದ ಖಾಲಿ ದಿಂಬಿನ ಕಡೆ ಬೆರಳೆತ್ತಿ ಎಚ್ಚರಿಸಿದ:

"ನೋಡು, ಈ ಸಲ ಕೊನೆ ಮಾತ್ರ ಹೇಳ್ಬೇಡ."